ಅಂತರ್ಜಾಲ ಹರಾಜು: ಏರುವ ಬೆಲೆಯಿಂದ ಇಳಿಯುವ ಬೆಲೆಗೆ

ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿ ರಾಶಿಯ ಮುಂದೆ ನಿಂತು ಬೆಲೆ ಕೂಗುವ ಹರಾಜು ವರ್ತಕ ಸಮುದಾಯಕ್ಕೆ ತಲೆಮಾರುಗಳಿಂದ ಪರಿಚಿತವಾದುದು. ಒಂದು ರಾಶಿಯಂತೆ ಇನ್ನೊಂದು ಇರುವುದಿಲ್ಲ. ಆದುದರಿಂದ ಅದರ ಬೆಲೆಯನ್ನು ಮುಂಚಿತವಾಗಿ ಬರೆದಿಡುವುದು ಕಷ್ಟ. ಅಂತರ್ಜಾಲದಲ್ಲಿ ಹರಾಜು ಬೇರೂರಿದುದಕ್ಕೆ ಇದೇ ಕಾರಣ. ಈ ಕಾರಣ ಇಲ್ಲದಾದ ಸರಕುಗಳಲ್ಲಿ ಅದು ಹಿಂದೆ ಸರಿದುದೂ ಸಹಜವೇ.

1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಅವರು ‘ಆಕ್ಷನ್‌ವೆಬ್’ ಎಂಬ ತಾಣವನ್ನು ಆರಂಭಿಸಿದರು. ಮುಂದೆ ಇದೇ ಇಬೇ ಆಯಿತು. ಅಲ್ಲಿ ಆರಂಭದಲ್ಲಿ ಮಾರಾಟವಾದ ವಸ್ತುಗಳಲ್ಲಿ ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಬಂದ ಬೆಲೆ 14.83 ಡಾಲರ್. ಕೆಟ್ಟ ವಸ್ತುವಿಗೂ ಗಿರಾಕಿ ಇರುತ್ತಾನೆ, ಆದರೆ ಅವನು ಎಲ್ಲಿರುವನೆಂದು ಮಾರುವವನಿಗೆ ತಿಳಿದಿರುವುದಿಲ್ಲ. ಹಳೆಯ ನಾಣ್ಯ, ಅಂಚೆಚೀಟಿ, ಆಟಿಕೆ, ಬಳಸಿದ ಕ್ಯಾಮೆರಾ ಮುಂತಾದವುಗಳ ಗಿರಾಕಿಯನ್ನು ಹುಡುಕಿಕೊಟ್ಟದ್ದೇ ಈ ಹರಾಜಿನ ಮೊದಲ ಸಾಧನೆ.

ಅದರ ನಿಯಮವೂ ಗಮನಾರ್ಹ. ಬಿಡ್‌ದಾರನು ತನ್ನ ಗರಿಷ್ಠ ಬೆಲೆಯನ್ನು ಗುಪ್ತವಾಗಿ ನಮೂದಿಸಿದರೆ ಗಣಕಯಂತ್ರವೇ ಅವನ ಪರವಾಗಿ ಕೂಗುತ್ತದೆ. ಒಬ್ಬನ ಮಿತಿ 1,000, ಇನ್ನೊಬ್ಬನದು 800 ಆಗಿದ್ದಲ್ಲಿ ಮೊದಲನೆಯವನಿಗೆ ವಸ್ತು ದೊರೆಯುವುದು 800ಕ್ಕಿಂತ ಒಂದು ಮೆಟ್ಟಿಲು ಮೇಲಿನ ಬೆಲೆಗೆ ಮಾತ್ರ. ಆದರೆ ಮುಕ್ತಾಯದ ಸಮಯ ನಿಗದಿಯಾಗಿದ್ದುದರಿಂದ ಕೊನೆಯ ಕ್ಷಣಗಳಲ್ಲಿ ನುಗ್ಗಿ ಬಿಡ್ ಹಾಕುವ ಚಾಳಿ ಬೆಳೆಯಿತು. 1999ರಲ್ಲಿ ಹರಾಜು ಆರಂಭಿಸಿದ ಅಮೆಜಾನ್, ಕೊನೆಯ ಗಳಿಗೆಯಲ್ಲಿ ಬಿಡ್ ಬಂದರೆ ಅವಧಿ ತಾನಾಗಿಯೇ ಮುಂದುವರಿಯುವ ನಿಯಮವನ್ನು ತಂದಿತು. ಆ ವಿಭಾಗ ನಿಲ್ಲಲಿಲ್ಲವಾದರೂ ಅಂತಹ ನಿಯಮ ಇಂದಿಗೂ ಬಳಕೆಯಲ್ಲಿದೆ.

2000ದಲ್ಲಿ ಇಬೇ ‘ಈಗಲೇ ಕೊಳ್ಳಿ’ ಎಂಬ ಸ್ಥಿರಬೆಲೆಯ ಗುಂಡಿಯನ್ನು ಜೋಡಿಸಿತು. ಕಂಪನಿಗಳು ಹೊಸ ಸರಕನ್ನು ರಾಶಿಗಟ್ಟಲೆ ತಂದಾಗ ಹರಾಜಿನ ಅಗತ್ಯವೇ ಕುಗ್ಗಿತು. ಒಂದೇ ಮಾದರಿಯ ಮೊಬೈಲಿನ ಬೆಲೆ ಹತ್ತು ತಾಣಗಳಲ್ಲಿ ಕಾಣುತ್ತಿರುವಾಗ ಅದಕ್ಕಾಗಿ ಏಳು ದಿನ ಕಾಯುವವರು ಯಾರು? 2008ರಲ್ಲಿ ಸ್ಥಿರಬೆಲೆಯ ಸರಕನ್ನು ಪಟ್ಟಿಗೆ ಸೇರಿಸುವ ಶುಲ್ಕ ಇಳಿಯಿತು. ಅದೇ ವರ್ಷ, ಮಾರಾಟಗಾರರು ಖರೀದಿದಾರರ ಬಗ್ಗೆ ಪ್ರತಿಕೂಲ ಅಭಿಪ್ರಾಯ ದಾಖಲಿಸುವ ಹಕ್ಕನ್ನು ಕಳೆದುಕೊಂಡರು. ಸಣ್ಣ ಮಾರಾಟಗಾರರು ಬಹಿಷ್ಕಾರ ಹೂಡಿದರೂ ನಿರ್ಧಾರ ಬದಲಾಗಲಿಲ್ಲ. ಅಂಗಡಿ ತನ್ನದೇ ಆದರೂ ನಿಯಮ ತನ್ನದಲ್ಲ ಎಂಬ ಸತ್ಯ ಅವರಿಗೆ ಆಗ ಸ್ಪಷ್ಟವಾಯಿತು.

ಭಾರತದಲ್ಲಿ 2000ದಲ್ಲಿ ಆರಂಭವಾದ ಬಾಝೀ ಡಾಟ್ ಕಾಮ್ ಇದೇ ಹಾದಿ ಹಿಡಿಯಿತು. 2004ರಲ್ಲಿ ಇಬೇ ಅದನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಗುರುತಿಲ್ಲದವರ ನಡುವಣ ವ್ಯವಹಾರದಲ್ಲಿ ನಂಬಿಕೆ ಮೂಡಿಸಲು ಹಣವನ್ನು ಮಧ್ಯದಲ್ಲಿ ತಡೆಹಿಡಿಯುವ ‘ಪೈಸಾಪೇ’ ವ್ಯವಸ್ಥೆ ಇಲ್ಲಿತ್ತು. ಆದರೆ ಸ್ಥಿರಬೆಲೆಯ ದೊಡ್ಡ ತಾಣಗಳ ಎದುರು ಅದು ಹಿಂದುಳಿಯಿತು. 2017ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ವಶವಾಯಿತು. ಭಾರತದ ಈ ತಾಣ 2018ರ ಆಗಸ್ಟ್ 14ರಂದು ಮುಚ್ಚಿತು.

ಹೀಗೆಂದು ಹರಾಜು ಸತ್ತಿತೆಂದು ತಿಳಿಯಬಾರದು. ಗುಜರಿ ಮತ್ತು ಹಳೆಯ ಯಂತ್ರಗಳನ್ನು ಎಂ.ಎಸ್.ಟಿ.ಸಿ. ಸಂಸ್ಥೆ, ಸಾಲ ಬಾಕಿಯ ಸ್ವತ್ತುಗಳನ್ನು ಬ್ಯಾಂಕುಗಳು ಇ-ಹರಾಜಿನಲ್ಲೇ ಮಾರುತ್ತವೆ. ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಗಣಕ ಜಾಲಕ್ಕೆ ತರಲು 2014ರಲ್ಲಿ ಎನ್.ಸಿ.ಡಿ.ಇ.ಎಕ್ಸ್. ಸಮೂಹದ ಸಹಭಾಗಿತ್ವದಲ್ಲಿ ಸಂಸ್ಥೆಯೊಂದು ಸ್ಥಾಪನೆಯಾಯಿತು. ಒಂದರಂತೆ ಇನ್ನೊಂದಿಲ್ಲದ ಸರಕಿಗೆ ಹರಾಜೇ ಇಂದಿಗೂ ತಕ್ಕ ವಿಧಾನ.

ಸಣ್ಣ ಉದ್ದಿಮೆದಾರರು ಹೆಚ್ಚು ಎಚ್ಚರ ವಹಿಸಬೇಕಾದುದು ಮತ್ತೊಂದು ಬಗೆಯಲ್ಲಿ. ಅದೇ ರಿವರ್ಸ್ ಆಕ್ಷನ್, ಅಂದರೆ ಇಳಿಕೆ ಹರಾಜು. 2016ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜೆಮ್ ತಾಣದಲ್ಲಿ ಖರೀದಿಸುವ ಇಲಾಖೆಗಳು ಈ ವಿಧಾನವನ್ನು ಬಳಸಬಹುದು. ಖಾಸಗಿ ದೊಡ್ಡ ಕಾರ್ಖಾನೆಗಳಲ್ಲಿಯೂ ಇದು ರೂಢಿಯಲ್ಲಿದೆ. ಇಲ್ಲಿ ಕೊಳ್ಳುವವನು ಒಬ್ಬ, ಪೈಪೋಟಿ ಮಾರುವವರ ನಡುವೆ. ಬೆಲೆ ಏರುವ ಬದಲು ಇಳಿಯುತ್ತದೆ. ಕೊನೆಯ ಗಳಿಗೆಯ ಬಿಡ್‌ಗೆ ಅವಧಿ ವಿಸ್ತರಣೆ ಸಾಮಾನ್ಯವಾದುದರಿಂದ ಪ್ರತಿ ಬಾರಿಯೂ ‘ಇನ್ನೊಂದು ರೂಪಾಯಿ ಇಳಿಸೋಣ’ ಎಂಬ ಆಸೆ ಹುಟ್ಟುತ್ತದೆ.

ಲೆಕ್ಕವೊಂದನ್ನು ಊಹಿಸಿಕೊಳ್ಳಬಹುದು. ಒಂದು ಬಿಡಿಭಾಗಕ್ಕೆ ಕಚ್ಚಾಮಾಲು 64 ರೂಪಾಯಿ, ಕೂಲಿ 15, ವಿದ್ಯುತ್ ಮತ್ತು ಶೆಡ್ಡಿನ ಖರ್ಚು 9, ಪ್ಯಾಕಿಂಗ್ ಹಾಗೂ ಸಾಗಣೆ 6, ಒಟ್ಟು 94. ತೆರೆಯ ಮೇಲಿನ ಬೆಲೆ 96ಕ್ಕೆ ಇಳಿದರೆ 2 ರೂಪಾಯಿ ಉಳಿಯುವಂತೆ ತೋರುತ್ತದೆ. ಆದರೆ ಹಣ ಕೈಸೇರಲು ಮೂರು ತಿಂಗಳು ಹಿಡಿದಲ್ಲಿ, ವಾರ್ಷಿಕ ಶೇ. 12ರ ಬಡ್ಡಿಯಂತೆ 2 ರೂಪಾಯಿ 82 ಪೈಸೆ ಖರ್ಚು ಸೇರುತ್ತದೆ. ಆರ್ಡರ್ ಗೆದ್ದವನಿಗೆ ಪ್ರತಿ ನಗಕ್ಕೆ 82 ಪೈಸೆ ನಷ್ಟ. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಂತೆ ಕಿರು ಮತ್ತು ಸಣ್ಣ ಘಟಕಗಳಿಗೆ ಪಾವತಿಯ ಗರಿಷ್ಠ ಅವಧಿ 45 ದಿನ; ಆದರೂ ಲೆಕ್ಕ ಹಾಕುವಾಗ ಕಾಯಿದೆಯ ಗಡುವಿಗಿಂತ ಆ ಖರೀದಿದಾರನ ಹಿಂದಿನ ರೂಢಿಯನ್ನೇ ಗಣನೆಗೆ ತೆಗೆದುಕೊಳ್ಳುವುದು ಲೇಸು. ಈ ತಳಬೆಲೆಯನ್ನು ಹರಾಜಿನ ಹಿಂದಿನ ದಿನವೇ ಲೆಕ್ಕಿಗನೊಡನೆ ಕುಳಿತು ಕಾಗದದಲ್ಲಿ ಬರೆದಿಟ್ಟುಕೊಂಡು, ಬಿಡ್ ಹಾಕುವ ನೌಕರನಿಗೆ ಅದಕ್ಕಿಂತ ಕೆಳಗಿಳಿಯುವ ಅಧಿಕಾರವನ್ನು ಕೊಡದಿರುವುದು ಕ್ಷೇಮ.