ನೋಟಿಸ್ ಬಂದರೆ ಅಡಗಬೇಡಿ

ಶಿವಮೊಗ್ಗದ ತಾಲ್ಲೂಕು ಕಚೇರಿಯಲ್ಲೋ ಭದ್ರಾವತಿಯ ಸರ್ಕಾರಿ ಶಾಲೆಯಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದ್ದೀರಾ? ಎರಡು ನಿಯಮಪುಸ್ತಕ ತೆಗೆದಿಟ್ಟುಕೊಳ್ಳಿ. ಹೇಗೆ ನಡೆದುಕೊಳ್ಳಬೇಕೆಂಬುದು 2021ರ ನಡತೆ ನಿಯಮಗಳಲ್ಲಿದೆ. ತಪ್ಪಿದರೆ ಏನು ಕಾದಿದೆ ಎಂಬುದು 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಲ್ಲಿ. ಕಚೇರಿಯಲ್ಲಿ ಎಲ್ಲರೂ ಸಿ.ಸಿ.ಎ. ಎನ್ನುತ್ತಾರೆ. ಭದ್ರಾವತಿಯ ವಿ.ಐ.ಎಸ್.ಎಲ್.ನವರಿಗೆ ಇವೆರಡೂ ಅನ್ವಯಿಸವು. ಅದು ಕೇಂದ್ರದ ಸೈಲ್ ಸಂಸ್ಥೆಯ ಕಾರ್ಖಾನೆ, ಅಲ್ಲಿಯ ನಿಯಮವೇ ಬೇರೆ. ಅಣ್ಣ ಕಾರ್ಖಾನೆಯಲ್ಲಿ, ತಂಗಿ ಕಂದಾಯ ಇಲಾಖೆಯಲ್ಲಿ ಇರುವ ಮನೆಗಳಲ್ಲಿ ಈ ಗೊಂದಲ ಸಹಜ.

ಶಿಸ್ತು ಕ್ರಮದ ನೋಟಿಸ್ ಬಂದಾಗ ಕೆಲವರು ಅದನ್ನು ತೆಗೆದುಕೊಳ್ಳದೆ ರಜೆ ಹಾಕಿ ಊರಿಗೆ ಹೋಗಿಬಿಡುತ್ತಾರೆ. ಇನ್ನು ಕೆಲವರು ಶಾಸಕರ ಮನೆ ಬಾಗಿಲಿಗೆ ಓಡುತ್ತಾರೆ. ಎರಡೂ ಕೆಡುಕು. ನೀವು ಹೋಗದಿದ್ದರೆ ವಿಚಾರಣೆ ಏಕಪಕ್ಷೀಯವಾಗಿ ಮುಗಿಯುತ್ತದೆ. ರಾಜಕೀಯ ಒತ್ತಡ ತರುವುದಂತೂ ಅದೇ ಒಂದು ಹೊಸ ಆರೋಪ! ಕೊಟ್ಟ ಗಡುವಿನೊಳಗೆ, ಆರೋಪಕ್ಕೊಂದರಂತೆ ಲಿಖಿತ ಉತ್ತರ ಕೊಡಿ, ಸ್ವೀಕೃತಿ ಪಡೆಯಿರಿ. ವಿಚಾರಣೆಯಲ್ಲಿ ನಿಮ್ಮ ನೆರವಿಗೆ ಇನ್ನೊಬ್ಬ ಸರ್ಕಾರಿ ನೌಕರರನ್ನು ಕರೆದೊಯ್ಯಬಹುದು. ನಿಯಮ ಬಲ್ಲ, ಹಳೆಯ ಕಡತಗಳಲ್ಲಿ ಪಳಗಿದವರನ್ನು ಹುಡುಕಿ.

ಅಮಾನತು ಶಿಕ್ಷೆಯಲ್ಲ, ಆಗಲೂ ಜೀವನಾಧಾರ ಭತ್ಯೆ ಸಿಗುತ್ತದೆ. ಆದರೆ 48 ಗಂಟೆ ಮೀರಿ ಬಂಧನದಲ್ಲಿದ್ದರೆ ತಾನಾಗಿಯೇ ಅಮಾನತಾದಂತೆ ಲೆಕ್ಕ.

ಶಿಕ್ಷೆಯ ಆದೇಶ ಕೈಸೇರಿದ ದಿನಾಂಕವನ್ನು ತಪ್ಪದೆ ಬರೆದಿಡಿ. ಮೇಲ್ಮನವಿಗೆ ಇರುವುದು 3 ತಿಂಗಳು. ಅಲ್ಲೂ ನ್ಯಾಯ ಸಿಗದಿದ್ದರೆ ಬೆಂಗಳೂರಿನ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು.