ಕೃಷ್ಣಮೃಗದ ಬೆನ್ನೆಲುಬು

ನಮ್ಮ ದೇಶದ ಬಯಲು ಹುಲ್ಲುಗಾವಲುಗಳಲ್ಲಿ ವಾಸಿಸುವ ಅತ್ಯಂತ ವೇಗಶಾಲಿ ಪ್ರಾಣಿಗಳಲ್ಲಿ ಕೃಷ್ಣಮೃಗವೂ ಒಂದು. ಉತ್ತರ ಕರ್ನಾಟಕದ ಜನ ಇದನ್ನು ಚಿಗರಿ ಎನ್ನುತ್ತಾರೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ಮಹಾರಾಷ್ಟ್ರದ ರೇಹೆಕುರಿ ಮತ್ತು ಗುಜರಾತಿನ ವೇಳಾವದರಗಳಲ್ಲಿ ಮಾತ್ರವಲ್ಲದೆ ಚೆನ್ನೈ ನಗರದ ಗಿಂಡಿ ಉದ್ಯಾನದಲ್ಲಿಯೂ ಇದನ್ನು ಕಾಣಬಹುದು. ಇದನ್ನು ಜಿಂಕೆಯೆಂದು ಕರೆಯುವ ರೂಢಿಯಿದ್ದರೂ ಇದು ಜಿಂಕೆಯ ಕುಟುಂಬಕ್ಕೆ ಸೇರಿದುದಲ್ಲ; ಆಡು, ಕುರಿ, ಹಸುಗಳ ಕುಟುಂಬಕ್ಕೆ ಸೇರಿದ ಹುಲ್ಲೆ. ಈ ಬಂಧುತ್ವವು ಅದರ ಬೆನ್ನೆಲುಬಿನ ರಚನೆಯಲ್ಲಿಯೂ ಸ್ಪಷ್ಟವಾಗಿ ಕಂಡುಬರುತ್ತದೆ.

ಮಣಿಗಳ ಮಾಲೆ

ಬೆನ್ನೆಲುಬು ಒಂದೇ ಮೂಳೆಯಲ್ಲ. ಕಶೇರುಮಣಿಗಳೆಂಬ ಬಿಡಿ ಮೂಳೆಗಳು ಒಂದರ ಹಿಂದೊಂದು ಜೋಡಣೆಗೊಂಡು ಅದು ರೂಪುಗೊಂಡಿದೆ. ಪ್ರತಿಯೊಂದು ಮಣಿಯ ನಡುವೆ ರಂಧ್ರವಿರುತ್ತದೆ. ಈ ರಂಧ್ರಗಳು ಸೇರಿ ಉಂಟಾದ ಕೊಳವೆಯೊಳಗೆ ಮಿದುಳುಬಳ್ಳಿಯು ಸುರಕ್ಷಿತವಾಗಿರುತ್ತದೆ. ಎರಡು ಮಣಿಗಳ ನಡುವಿನ ಮೆತ್ತನೆಯ ಬಿಲ್ಲೆಯು ಓಟ ಮತ್ತು ನೆಗೆತಗಳ ಆಘಾತವನ್ನು ಹೀರಿಕೊಳ್ಳುತ್ತದೆ.

ಕೃಷ್ಣಮೃಗದ ಕತ್ತಿನಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 6 ಮಣಿಗಳಿವೆ. ಅವುಗಳ ಹಿಂದೆ ಹಲವು ಮಣಿಗಳು ಬೆಸೆದುಕೊಂಡು ಆದ ತ್ರಿಕಾಸ್ಥಿಯೂ ಕೊನೆಗೆ ಬಾಲದ ಸಣ್ಣ ಮಣಿಗಳೂ ಇರುತ್ತವೆ.

ಕತ್ತು ಮತ್ತು ಹೆಗಲು

ಇಲಿ, ಮನುಷ್ಯ, ಜಿರಾಫೆ ಹೀಗೆ ಬಹುತೇಕ ಎಲ್ಲ ಸಸ್ತನಿಗಳ ಕತ್ತಿನಲ್ಲಿಯೂ ಮಣಿಗಳ ಸಂಖ್ಯೆ 7 ಮಾತ್ರ. ಮೊದಲನೆಯ ಮಣಿಯಾದ ಅಟ್ಲಾಸ್ ಉಂಗುರದಂತಿದ್ದು, ಅದರ ಎರಡೂ ಬದಿಗಳಲ್ಲಿ ರೆಕ್ಕೆಯಂತಹ ಚಾಚುಗಳಿರುತ್ತವೆ. ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಲು ಇದು ನೆರವಾಗುತ್ತದೆ. ಎರಡನೆಯದಾದ ಆಕ್ಸಿಸ್ ಮಣಿಯಿಂದ ಮುಂದಕ್ಕೆ ಚಾಚಿದ ಗೂಟವು ಅಟ್ಲಾಸಿನೊಳಗೆ ಕುಳಿತು, ತಲೆಯು ಎಡಬಲಕ್ಕೆ ತಿರುಗಲು ಅನುವು ಮಾಡಿಕೊಡುತ್ತದೆ. ಮೇಯುತ್ತಿರುವಾಗಲೇ ತಲೆಯೆತ್ತಿ ನಾಲ್ಕು ದಿಕ್ಕನ್ನೂ ಗಮನಿಸಬೇಕಾದ ಪ್ರಾಣಿಗೆ ಇದು ಜೀವರಕ್ಷಕ ಸಾಧನ.

ಎದೆಯ 13 ಮಣಿಗಳಿಗೆ 13 ಜೊತೆ ಪಕ್ಕೆಲುಬುಗಳು ಹೊಂದಿಕೊಂಡಿವೆ. ಹೆಗಲಿನ ಬಳಿಯ ಮಣಿಗಳ ಮೇಲೆ ಮುಳ್ಳಿನಂತಹ ಉದ್ದನೆಯ ಚಾಚುಗಳು ಹಿಂದಕ್ಕೆ ವಾಲಿ ನಿಂತಿರುತ್ತವೆ. ಇಲ್ಲಿಂದ ತಲೆಬುರುಡೆಯ ಹಿಂಭಾಗದವರೆಗೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಬಲವಾದ ರಜ್ಜುವೊಂದು ಹಬ್ಬಿದೆ. ಗಂಡಿನ ತಿರುಚಿದ ಕೊಂಬುಗಳು 60 ಸೆಂಟಿಮೀಟರಿಗೂ ಮಿಕ್ಕಿ ಬೆಳೆಯಬಲ್ಲವು. ಆ ಭಾರವನ್ನು ಸ್ನಾಯುಗಳಿಗೆ ಹೆಚ್ಚು ದಣಿವಾಗದಂತೆ ಎತ್ತಿಹಿಡಿಯಲು ಈ ರಜ್ಜು ಸಹಾಯಕವಾಗಿದೆ.

ಸೊಂಟ ಮತ್ತು ಓಟ

ಸೊಂಟದ ಮಣಿಗಳ ಎರಡು ಪಕ್ಕಗಳಲ್ಲಿ ಅಗಲವಾದ ಅಡ್ಡ ಚಾಚುಗಳಿವೆ. ಓಟಕ್ಕೆ ಬಲ ನೀಡುವ ಬೆನ್ನಿನ ಸ್ನಾಯುಗಳಿಗೆ ಇವೇ ಆಧಾರ. ಹಿಂಗಾಲುಗಳ ಒದೆತದ ಶಕ್ತಿಯು ಸೊಂಟದ ಕೀಲು ಮತ್ತು ತ್ರಿಕಾಸ್ಥಿಯ ಮೂಲಕ ಬೆನ್ನಿಗೆ ಸಾಗಿ ಇಡೀ ದೇಹವನ್ನು ಮುಂದಕ್ಕೆ ನೂಕುತ್ತದೆ.

ಹಿಂದೆ ನಮ್ಮ ದೇಶದಲ್ಲಿ ಕೃಷ್ಣಮೃಗವನ್ನು ಬೇಟೆಯಾಡುತ್ತಿದ್ದ ಚೀತಾದ ಬೆನ್ನು ಓಡುವಾಗ ಬಿಲ್ಲಿನಂತೆ ಬಾಗಿ ಚಿಮ್ಮುತ್ತದೆ. ಅದರಿಂದ ಅಪಾರ ವೇಗ ದೊರೆತರೂ ಆ ವೇಗ ಅಲ್ಪಕಾಲದ್ದು. ಹುಲ್ಲೆಯ ಬೆನ್ನು ಅಷ್ಟಾಗಿ ಬಾಗುವುದಿಲ್ಲ. ತೊಲೆಯಂತೆ ಬಿಗಿಯಾಗಿದ್ದು, ಹುಲ್ಲು ತುಂಬಿದ ಭಾರವಾದ ಹೊಟ್ಟೆಯನ್ನು ಹೊತ್ತುಕೊಂಡೇ ದೂರದವರೆಗೆ ಓಡಲು ಅನುಕೂಲ ಕಲ್ಪಿಸುತ್ತದೆ. ಒಂದು ಬೆನ್ನು ಹಿಡಿಯುವುದಕ್ಕೆ, ಮತ್ತೊಂದು ಪಾರಾಗುವುದಕ್ಕೆ ತಕ್ಕಂತೆ ರೂಪುಗೊಂಡಿದೆ.

ಸಾರ್ವಜನಿಕರ ಗಮನಕ್ಕೆ

ಆಡು ಮತ್ತು ಕುರಿಗಳಲ್ಲಿಯೂ ಸಾಮಾನ್ಯವಾಗಿ ಕತ್ತಿನ ಮಣಿಗಳು 7, ಎದೆಯವು 13, ಸೊಂಟದವು 6. ಆದುದರಿಂದ ಬಯಲಿನಲ್ಲಿ ಬಿದ್ದಿರುವ ಮೂಳೆಗಳನ್ನು ಎಣಿಸಿ ನೋಡಿ, ಇದು ಆಡು, ಇದು ಕೃಷ್ಣಮೃಗ ಎಂದು ಹೇಳಲಾಗದು. ಮಣಿಗಳ ಆಕಾರ, ಅಳತೆ ಮತ್ತು ಚಾಚುಗಳ ಓರೆಯನ್ನು ಪರಿಶೀಲಿಸಿ ತಜ್ಞರು ನಿರ್ಧರಿಸಬೇಕಾಗುತ್ತದೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಂತಹ ಕೇಂದ್ರಗಳಲ್ಲಿ ಡಿಎನ್‌ಎ ಪರೀಕ್ಷೆಯ ಸೌಲಭ್ಯವೂ ಇದೆ. ಕಳ್ಳಬೇಟೆಯ ಮೊಕದ್ದಮೆಗಳಲ್ಲಿ ಮೂಳೆಯ ಒಂದು ಚೂರು ಕೂಡ ಸಾಕ್ಷ್ಯವಾಗಬಲ್ಲದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕೃಷ್ಣಮೃಗವು ಸೇರಿದೆ. ಇದನ್ನು ಬೇಟೆಯಾಡಿದವರಿಗೆ 3 ರಿಂದ 7 ವರ್ಷಗಳ ಕಾರಾಗೃಹವಾಸ ಹಾಗೂ ದಂಡವನ್ನು ವಿಧಿಸಬಹುದು. ವನ್ಯಪ್ರಾಣಿಯ ಕೊಂಬು, ಚರ್ಮ, ಮೂಳೆ ದೊರೆತರೆ ಮನೆಯ ಅಲಂಕಾರಕ್ಕೆಂದು ಕೊಂಡೊಯ್ಯಬಾರದು. ಇದ್ದಲ್ಲಿಯೇ ಬಿಟ್ಟು ಅರಣ್ಯ ಇಲಾಖೆಗೆ ಅಥವಾ ಪೊಲೀಸ್ ಠಾಣೆಗೆ ತಿಳಿಸಬೇಕು.

ವಾಹನ ಬಡಿದು ಅಥವಾ ನಾಯಿಗಳ ದಾಳಿಗೆ ಸಿಕ್ಕಿ ಗಾಯಗೊಂಡ ಕೃಷ್ಣಮೃಗವನ್ನು ಕಾಲು ಹಿಡಿದು ಎಳೆಯುವುದಾಗಲಿ, ಎಬ್ಬಿಸಿ ನಿಲ್ಲಿಸುವುದಾಗಲಿ ಸಲ್ಲದು. ಕಶೇರುಮಣಿ ಮುರಿದಿದ್ದರೆ ಮಿದುಳುಬಳ್ಳಿಗೆ ಪೆಟ್ಟಾಗಿ ಹಿಂಗಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ಗಾಬರಿಯಿಂದಲೇ ಪ್ರಾಣ ಬಿಡುವಷ್ಟು ಸೂಕ್ಷ್ಮ ಜೀವಿ ಇದು. ಆದುದರಿಂದ ಜನ ಗುಂಪುಗೂಡದಂತೆ ನೋಡಿಕೊಂಡು, ನಾಯಿಗಳನ್ನು ದೂರವಿರಿಸಿ, ಅರಣ್ಯ ಸಿಬ್ಬಂದಿ ಬರುವವರೆಗೆ ಕಾಯುವುದೇ ನಾವು ಅದಕ್ಕೆ ಮಾಡಬಹುದಾದ ದೊಡ್ಡ ಉಪಕಾರ.