ಸಂಘದ ಪುಸ್ತಕ ನೋಡಿದ ಹಾಗೆ ಮಗುವಿನ ಕಾರ್ಡನ್ನೂ ನೋಡೋಣ



ವಾರದ ಸಭೆಯಲ್ಲಿ ನಾವು ಮೊದಲು ತೆಗೆಯುವುದು ಉಳಿತಾಯದ ಪುಸ್ತಕ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಲೆಕ್ಕ ಸರಿಹೋಗುವ ತನಕ ಯಾರೂ ಏಳುವುದಿಲ್ಲ. ಆದರೆ ಒಂದು ಸಂಘದಲ್ಲಿ ನಮ್ಮ ಕಣ್ಣ ಮುಂದೆಯೇ ಬೇರೊಂದು ಲೆಕ್ಕ ತಪ್ಪಿತ್ತು. ನಮಗೆ ಅದು ಕಾಣಲಿಲ್ಲ.

ಆ ಸಂಘದ ಸದಸ್ಯೆಯೊಬ್ಬರು ಮಗುವಿಗೆ ಭೇದಿಯೆಂದು ಒಂದು ವಾರ ಸಭೆಗೆ ಬರಲಿಲ್ಲ. ಮನೆಗೆ ಹೋಗಿ ತಾಯಿ ಕಾರ್ಡ್ ಬಿಡಿಸಿ ನೋಡಿದೆವು. ಹೆಣ್ಣು ಮಗು. 11ನೇ ತಿಂಗಳಲ್ಲಿ ತೂಕ 7 ಕಿಲೋ 200 ಗ್ರಾಂ. 14ನೇ ತಿಂಗಳಲ್ಲೂ ಅಷ್ಟೇ! ಹಸಿರು ಪಟ್ಟಿಯಲ್ಲಿದ್ದ ಗೆರೆ ಹಳದಿಗೆ ಇಳಿದಿತ್ತು. "ಆಡ್ಕೊಂಡಿದ್ಲಲ್ಲ ಸಿಸ್ಟರ್, ಚೆನ್ನಾಗೇ ಇದಾಳೆ ಅಂದ್ಕೊಂಡಿದ್ದೆ" ಎಂದರು ತಾಯಿ.

ವಿಚಾರಿಸಿದಾಗ ಕಾರಣ ತಿಳಿಯಿತು. ಸಾಲದ ಕಂತು ತಪ್ಪಬಾರದೆಂದು ಅವರು ಬೆಳಗಾಗುವ ಮೊದಲೇ ಕೂಲಿಗೆ ಹೊರಡುತ್ತಿದ್ದರು. ಮಗು ಅಕ್ಕನ ಕೈಯಲ್ಲಿ. ಅಂಗನವಾಡಿಯಿಂದ ಮಗುವಿನ ಹೆಸರಿಗೆ ಬಂದ ಆಹಾರ ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಆ ಮೂರು ತಿಂಗಳೂ "ಕಂತು ಸರಿಯಾಗಿ ಕಟ್ಟುತ್ತಾರೆ" ಎಂದು ಸಭೆಯಲ್ಲಿ ಅವರನ್ನು ಹೊಗಳಿದವರು ನಾವೇ. ಇದನ್ನು ನೆನೆದರೆ ಈಗಲೂ ನಮಗೆ ನಾಚಿಕೆಯಾಗುತ್ತದೆ. ಈ ತಿಂಗಳ ಪಾಠ ಅದಕ್ಕಾಗಿಯೇ.

ಇದು ದಾನವಲ್ಲ, ಹಕ್ಕು

ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಲ್ಲಿ ಸಿಗುವ ಆಹಾರ ಕಾನೂನಿನ ಹಕ್ಕಾಯಿತು. ಯಾರಿಗೆ ಏನು?

1. 6 ತಿಂಗಳಿಂದ 3 ವರ್ಷದ ಮಗುವಿಗೆ ಮನೆಗೆ ಒಯ್ಯುವ ಆಹಾರ. 3ರಿಂದ 6 ವರ್ಷದವರಿಗೆ ಕೇಂದ್ರದಲ್ಲಿ ಬೆಳಗಿನ ತಿಂಡಿ, ಬಿಸಿಯೂಟ. 2013ರ ಕಾಯ್ದೆ ಬಂದಾಗ ಇಬ್ಬರಿಗೂ ನಿಗದಿಯಾಗಿದ್ದು ದಿನಕ್ಕೆ 500 ಕ್ಯಾಲೊರಿ. ತೂಕ ಬಹಳ ಕಡಿಮೆಯಿರುವ ಮಗುವಿಗೆ ಆಗ ನಿಗದಿಯಾಗಿದ್ದು 800.

2. ಗರ್ಭಿಣಿಗೆ, ಹೆರಿಗೆಯಾಗಿ 6 ತಿಂಗಳವರೆಗೆ ಬಾಣಂತಿಗೆ ದಿನಕ್ಕೆ 600 ಕ್ಯಾಲೊರಿಯ ಆಹಾರ. ಕರ್ನಾಟಕದಲ್ಲಿ 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆಯಡಿ ಇದನ್ನು ಬಿಸಿಯೂಟವಾಗಿ ಕೊಡಲಾಗುತ್ತಿದೆ.

3. ಲಸಿಕೆ, ಆರೋಗ್ಯ ತಪಾಸಣೆ, ಅಗತ್ಯವಿದ್ದರೆ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ.

4. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ತಾಯಿಗೆ ಮೊದಲ ಹೆರಿಗೆಗೆ 5,000 ರೂ. ಎರಡನೆಯದು ಹೆಣ್ಣು ಮಗುವಾದರೆ 6,000 ರೂ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ ಹೆಸರು ಬರೆಸಿ.

ನಿಮ್ಮ ಹಟ್ಟಿಯಲ್ಲೋ ಕಾಲೊನಿಯಲ್ಲೋ ಅಂಗನವಾಡಿಯೇ ಇಲ್ಲವೇ? ಆರು ವರ್ಷದೊಳಗಿನ 40 ಮಕ್ಕಳಿದ್ದು ಜನರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಹೇಳಿದೆ. ಅರ್ಜಿಗೆ ಸಂಘದ ಎಲ್ಲರೂ ಸಹಿ ಹಾಕಿ.

ಕಾರ್ಡ್ ಓದುವುದು ಹೇಗೆ?

ಓದು ಬಾರದವರೂ ಗೆರೆ ನೋಡಬಲ್ಲರು. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮಗು ಬೆಳೆಯುತ್ತಿದೆ. ಗೆರೆ ಅಡ್ಡ ಮಲಗಿದರೆ ಎಚ್ಚರಿಕೆ, ಹಸಿರಿನಲ್ಲಿದ್ದರೂ ಸರಿಯೇ. ಕೆಳಗೆ ಬಾಗಿದರೆ ತಡಮಾಡಬೇಡಿ. ಹುಟ್ಟಿದ ತೂಕ ಸುಮಾರು 5 ತಿಂಗಳಿಗೆ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು ಆಗಬೇಕು. 6 ತಿಂಗಳು ದಾಟಿ 5 ವರ್ಷದೊಳಗಿರುವ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಇಲ್ಲವೇ ಎರಡೂ ಪಾದ ಊದಿಕೊಂಡಿದ್ದರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಅಗತ್ಯ ಬಿದ್ದರೆ ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ತಾಯಿಯೂ ಮಗುವಿನ ಜೊತೆ ಇರಬಹುದು.

ಮನೆಯಲ್ಲಿ ಮಾಡಬೇಕಾದದ್ದು

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ. 6 ತಿಂಗಳವರೆಗೆ ಎದೆಹಾಲು ಮಾತ್ರ, ಜೇನುತುಪ್ಪವೂ ಬೇಡ, ನೀರೂ ಬೇಡ. ಆಮೇಲೆ ರಾಗಿ ಮಣ್ಣಿ, ಬೇಳೆ ಸೇರಿಸಿ ಮಿದ್ದಿದ ಅನ್ನ, ಸೊಪ್ಪು, ಮೊಟ್ಟೆ. 9 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 3–4 ಸಲ ಊಟ, ನಡುವೆ ಒಂದೆರಡು ಸಲ ತಿಂಡಿ. ಎರಡು ವರ್ಷವಾಗುವ ತನಕ, ಆಮೇಲೂ, ಎದೆಹಾಲು ಮುಂದುವರಿಸಬಹುದು. ಭೇದಿಯಾದಾಗ ಊಟ ನಿಲ್ಲಿಸಬೇಡಿ. ಓಆರ್‌ಎಸ್ ಕುಡಿಸಿ, ಆರೋಗ್ಯ ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು 14 ದಿನ ತಪ್ಪದೆ ಕೊಡಿ. ಮಗುವಿನ ಹೆಸರಿಗೆ ಬಂದ ಪೊಟ್ಟಣ ಮಗುವಿನ ಹೊಟ್ಟೆಗೇ ಸೇರಲಿ.

ಆ ಮಗು ಏನಾಯಿತು?

ಸಂಘದವರು ಸೇರಿ ಎರಡು ತಿಂಗಳ ಕಂತನ್ನು ಮುಂದಕ್ಕೆ ಹಾಕಿದರು. ತಾಯಿ ತಡವಾಗಿ ಕೆಲಸಕ್ಕೆ ಹೋಗತೊಡಗಿದರು. ಪಕ್ಕದ ಮನೆಯ ಸದಸ್ಯೆ ಮಧ್ಯಾಹ್ನದ ಊಟ ತಿನ್ನಿಸುವ ಜವಾಬ್ದಾರಿ ಹೊತ್ತರು. ಎರಡು ತಿಂಗಳ ನಂತರ ತೂಕ 7 ಕಿಲೋ 900 ಗ್ರಾಂ. ಗೆರೆ ಮತ್ತೆ ಮೇಲೆ ಏರಿತು. ಸಾಲವೂ ಆಮೇಲೆ ಪೂರ್ತಿ ತೀರಿತು.

ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದಾರೆ? ಕಳೆದ ತಿಂಗಳು ಯಾರ ತೂಕ ನೋಡಿಲ್ಲ?
• ಗರ್ಭಿಣಿ ಸದಸ್ಯೆ ಅಂಗನವಾಡಿ ಊಟಕ್ಕೆ ಹೋಗುತ್ತಿದ್ದಾರೆಯೇ? ಹೋಗದಿದ್ದರೆ ತಡೆ ಯಾವುದು: ದೂರವೋ, ಕೂಲಿಯೋ, ಮನೆಯವರ ಮಾತೋ?
• ಬಾಲವಿಕಾಸ ಸಮಿತಿಯಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ?
• ಮಗು ಸೊರಗಿದ ಮನೆಯ ಕಂತಿನ ವಿಷಯದಲ್ಲಿ ನಮ್ಮ ಸಂಘದ ನಿಯಮ ಏನಿರಬೇಕು?

ಮುಂದಿನ ತಿಂಗಳ ಮೊದಲ ಸಭೆಗೆ ಪಾಸ್‌ಬುಕ್ಕಿನ ಜೊತೆ ತಾಯಿ ಕಾರ್ಡನ್ನೂ ತನ್ನಿ. ಹಣದ ಲೆಕ್ಕ ತಪ್ಪಿದರೆ ಮುಂದಿನ ವಾರ ಸರಿಮಾಡಬಹುದು. ಮಗುವಿನ ಮೊದಲ ಎರಡು ವರ್ಷ ಮತ್ತೆ ಬರುವುದಿಲ್ಲ.